ಮಾರಿ ನೋಡದ ಪಂಕ್ತಿ

ಭಾಲ್ಕಿ
ಏಪ್ರಿಲ್ ೧೧, ೧೯೭೩

ಮುದ್ದು ತಂಗಿ ಲಲಿತಾಳಿಗೆ ಅಕ್ಕ ಅನುಸೂಯಾ ಮಾಡುವ ಶರಣು.

ನಿನ್ನ ಪತ್ರಗಳು ಬಂದು ಬಹಳ ದಿನವಾದವು. ಸಿಟ್ಟಾಗಬೇಡ; ಸಿಟ್ಟಾದರೆ ನಿನ್ನ ಮೂಗು ಕೆಂಪಾಗುವುದು ನಿಮ್ಮೂರು ಚಿಂತಾಕಿಯಿಂದ ಇಲ್ಲಿಗೇ ಕಾಣುತ್ತದೆ. ಮಠದ ದಾಸೋಹದಲ್ಲಿ ಲಿಂಗಪೂಜೆಯ ವಿಭೂತಿ ಒಣಗುವ ಮೊದಲೇ ರೊಟ್ಟಿ ಬಡಿಯಲು ಕೂರುತ್ತೇವೆ.

ಈ ಬರಗಾಲಕ್ಕೆ ಹೈದರಾಬಾದಿಗೆ ಗುಳೆ ಹೊರಟವರು, ಕೆಲಸ ಸಿಗದೆ ಹೊರಳಿ ಬಂದವರು, ಎಲ್ಲರೂ ಇಲ್ಲಿ ಪಂಕ್ತಿಗೆ ಬರುತ್ತಾರೆ. ಬಿಸಿಲಿಗೆ ರಸ್ತೆ ನೀರಿನ ಹಾಗೆ ಅಲುಗುತ್ತದೆ. ಜನ ಅದರೊಳಗಿಂದ ತೇಲಿ ಬಂದಂತೆ ಕಾಣುತ್ತಾರೆ. ಗಫೂರ ಚಾಚಾ ದಿನವೂ ಬಂಡಿಯಲ್ಲಿ ನೀರು ತರುತ್ತಾರೆ. "ಹೊಟ್ಟಿ ನೀವು ನೋಡ್ಕೊಳ್ರಿ ಅನುಸೂಯಾಬಾಯಿ, ಗಂಟಲ ನಂದು" ಎನ್ನುತ್ತಾರೆ.

ನಿನ್ನ ಗಂಡ ವೈಜಿನಾಥನನ್ನು ಒಂದೊಂದು ಮುಖದಲ್ಲೂ ಹುಡುಕು ಎಂದು ಬರೆದಿದ್ದೀಯ. ದುಡಿಯಲು ಹೋದವನ ಸುದ್ದಿಯೇ ಇಲ್ಲದಿದ್ದರೆ ನಿನ್ನ ಜೀವ ಹೇಗಿರಬೇಡ. ಆದರೆ ಇಲ್ಲಿನ ಪದ್ಧತಿ ಬೇರೆ. ದಾಸೋಹ ನಡೆಸುವ ಹಾವಗೆಪ್ಪನವರು ಮೊದಲ ದಿನವೇ ಹೇಳಿದರು: "ತಾಯಿ, ಬಡಿಸುವಾಗ ತಾಟು ನೋಡ್ರಿ, ಮಾರಿ ನೋಡಬ್ಯಾಡ್ರಿ. ಹೋದ ವರ್ಷ ಇಲ್ಲಿಗಿ ಜ್ವಾಳ ಕೊಟ್ಟಾಂವ ಈಗ ಉಣ್ಲಾಕ ಕುಂತಿರ್ತಾನ. ಗುರುತು ಹಿಡದ್ರ ನಾಚಿ ಸಾಯ್ತಾನ್ರಿ."

"ನಮ್ಮವರೇ ಬಂದ್ರ ಹ್ಯಾಂಗ್ರಿ?" ಎಂದೆ.

"ಕುಂತವರೆಲ್ಲ ನಮ್ಮವರೇ ಅಲ್ಲೇನ್ರಿ?" ಎಂದು ನಕ್ಕರು.

ನಮ್ಮ ವೈಜಿನಾಥನೂ ಪ್ರತಿ ಸುಗ್ಗಿಗೆ ಇಲ್ಲಿಗೆ ಜೋಳದ ಚೀಲ ಹೊತ್ತು ತರುತ್ತಿದ್ದವನೇ. ಅದಕ್ಕೇ ನಾನು ಮುಖ ನೋಡದೆ ಕೈಗಳನ್ನಷ್ಟೇ ನೋಡುತ್ತೇನೆ. ಬಳೆ ಇಲ್ಲದ ಕೈ, ಮದರಂಗಿ ಇನ್ನೂ ಮಾಸದ ಕೈ, ಕಲ್ಲು ಒಡೆದು ಸೀಳುಬಿಟ್ಟ ಕೈ. ಮಧ್ಯಾಹ್ನದ ಹೊತ್ತಿಗೆ ಕನಸಿನಲ್ಲಿ ನಡೆದಂತಾಗುತ್ತದೆ. ಅದರಲ್ಲೊಂದು ಸುಖವಿದೆ, ಹೇಳಿದರೆ ನೀನು ನಗುತ್ತೀಯ.

ಮಕ್ಕಳನ್ನು ಬಿಸಿಲಿಗೆ ಬಿಡಬೇಡ. ಬಸವಣ್ಣ ನಿಮ್ಮನ್ನು ಕಾಯಲಿ, ನಿನ್ನ ಒಲೆ ಆರದಿರಲಿ.

ನಿನ್ನ ಅಕ್ಕ,
ಅನುಸೂಯಾಬಾಯಿ

ತಾ.ಕ.: ಇದನ್ನು ಬರೆಯದೆಯೇ ಪತ್ರ ಮಡಚಿಟ್ಟಿದ್ದೆ, ಮನಸ್ಸು ತಡೆಯದೆ ಬಿಚ್ಚಿದೆ. ಮೊನ್ನೆ ಪಂಕ್ತಿಯ ತುದಿಯಿಂದ "ಇನ್ನೊಂದ ರೊಟ್ಟಿ ಹಾಕ್ರಿ" ಎಂಬ ದನಿ ಕೇಳಿ ತಲೆ ಎತ್ತಿಬಿಟ್ಟೆ. ವೈಜಿನಾಥ. ಬಹಳ ಸೊರಗಿದ್ದಾನೆ. "ಲಲಿತಾ ಹಾದಿ ನೋಡ್ಲಕತ್ತಾಳ" ಎಂದೆ. ಅವನು "ಸಾಕ್ರಿ ಅಕ್ಕಾ" ಎಂದು ಎದ್ದ. ರಸ್ತೆಯ ತನಕ ಹಿಂದೆ ಓಡಿದೆ, ಕೂಗಿದೆ, ತಿರುಗಲಿಲ್ಲ. ನಾನು ನೋಡದಿದ್ದರೆ ಹೊಟ್ಟೆತುಂಬ ಉಂಡು ಮರುದಿನವೂ ಬರುತ್ತಿದ್ದನೋ ಏನೋ. ಮತ್ತೆ ಬಂದಿಲ್ಲ. ಪ್ರಸಾದ ಚೆಲ್ಲಬಾರದೆಂದು ಅವನು ಬಿಟ್ಟುಹೋದ ಅರ್ಧ ರೊಟ್ಟಿಯನ್ನು ನಾನೇ ತಿಂದೆ. ನನ್ನನ್ನು ಬೈದಾದರೂ ಒಂದು ಪತ್ರ ಬರಿ, ಲಲಿತಾ.