ಗಾಡಿ ಎಷ್ಟು ತಿನ್ನುತ್ತದೆ

೨೧೬೮ನೇ ಇಸವಿ, ಏಳನೇ ತಿಂಗಳ ಮೂವತ್ತನಾಲ್ಕನೇ ದಿನ
ಅಳತೆಕಟ್ಟೆ, ಗಜೇಂದ್ರಗಡದ ಏರು

ಹೊಸ ಗಾಡಿ ಕೊಳ್ಳಲು ಹೊರಟಿರುವ ಹಿಂದಿನ ಕಾಲದವರಿಗೆ ಪಾರವ್ವ ಬರೆಯುವುದು.

ತಾರೀಖು ನೋಡಿ ಮುದುಕಿಯ ಕೈತಪ್ಪು ಎನ್ನಬೇಡಿ. ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ. ಸಂಬಳ ಕೊಡುವವರ ತಲೆಯಿಂದ ಹುಟ್ಟಿದ್ದು. ಮಾತುಗಳೂ ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಮಾಸ್ತರರು ಬಂದ ದಿನ ಮಾತ್ರ.

ನಮ್ಮ ಗಾಡಿಗಳು ಕುಡಿಯುವುದು ದಂಟೆಣ್ಣೆ. ಜೋಳದ ದಂಟನ್ನು ಅರೆದು, ಹುಳಿಸಿ, ಬಟ್ಟಿ ಇಳಿಸಿದ್ದು. ಹೆಸರಿಗೆ ಎಣ್ಣೆ, ವಾಸನೆಗೆ ನಿಮ್ಮ ಕಾಲದ ಸಾರಾಯಿ. ದನಗಳು ತಿನ್ನುವುದೂ ಅದೇ ದಂಟು. ಹಾಗಾಗಿ ಸರ್ಕಾರ ತಿನಿಸು ಕಾಯಿದೆ ತಂದಿದೆ. ಪ್ರತಿ ಗಾಡಿಯ ಹಣೆಯ ಮೇಲೆ ಅದು ಎಷ್ಟು ತಿನ್ನುತ್ತದೆ ಎಂಬ ಅಂಕಿ ಅಂಗೈಯಷ್ಟು ದೊಡ್ಡದಾಗಿ ಬರೆದಿರಬೇಕು. ಅಂಕಿ ಇರುವುದು ಸಿವುಡಿನಲ್ಲಿ. ಸಿವುಡು ಎಂದರೆ ದಂಟಿನ ಒಂದು ಕಟ್ಟು, ಒಂದು ಎಮ್ಮೆಯ ಒಂದು ಹೊತ್ತಿನ ಮೇವು.

ಅಳೆಯುವವಳು ನಾನು. ಏರಿನ ಬುಡದಲ್ಲಿ ಟ್ಯಾಂಕನ್ನು ಗೆರೆಯ ತನಕ ತುಂಬಿಸುತ್ತೇನೆ. ಗಾಡಿ ಪೂರಾ ಜನ ಹೇರಿಕೊಂಡು ಏರು ಹತ್ತಿ ಇಳಿದು ಬರಬೇಕು. ಮತ್ತೆ ಅದೇ ಗೆರೆಗೆ ತುಂಬಲು ಎಷ್ಟು ಸಿವುಡಿನ ಎಣ್ಣೆ ಹಿಡಿಯಿತೋ ಅಷ್ಟು ಅದು ತಿಂದದ್ದು. ನಾಲ್ಕು ಸಿವುಡು ಮೀರಿದರೆ ರಿಪೇರಿ ಆಗುವವರೆಗೆ ರಸ್ತೆಗೆ ಇಳಿಯುವಂತಿಲ್ಲ.

ನಿಮ್ಮ ಕಾಲದ ಕಾಯಿದೆಯನ್ನು ಪಂಚಾಯಿತಿಯ ಗುಮಾಸ್ತೆ ನನಗೆ ಓದಿ ಹೇಳಿದಳು. ಗಾಡಿಯನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಿದ್ದಿರಂತೆ. ಏರಿಲ್ಲ, ತಗ್ಗಿಲ್ಲ, ಎದುರಿಗೆ ಕುರಿಹಿಂಡಿಲ್ಲ. ಆಮೇಲೆ ಕಂಪನಿ ಮಾರಿದ ಎಲ್ಲ ಗಾಡಿಗಳನ್ನೂ ಸೇರಿಸಿ ಒಂದು ಸರಾಸರಿ. ಪಂಕ್ತಿಯಲ್ಲಿ ಒಬ್ಬ ಹತ್ತು ಹೋಳಿಗೆ ಹೊಡೆದು ಒಂಬತ್ತು ಜನ ಎಲೆ ನೋಡುತ್ತ ಕೂತರೂ ತಲೆಗೊಂದು ಹೋಳಿಗೆ ಎಂದು ಬರೆಯುವ ಲೆಕ್ಕ. ಅದಕ್ಕಿಂತ ಹೆಚ್ಚು ನಗು ಬಂದದ್ದು, ಗಾಡಿ ಕೊಳ್ಳುವಾಗ ನೀವು ‘ಎಷ್ಟು ಕೊಡುತ್ತದೆ’ ಎಂದು ಕೇಳುತ್ತಿದ್ದಿರಿ ಎಂಬುದಕ್ಕೆ. ಕೊಡಲು ಅದೇನು ಎಮ್ಮೆಯೇ?

ಹೋದ ತಿಂಗಳು ನನ್ನ ಮಗಳು ರುದ್ರವ್ವ ತನ್ನ ಟಂಟಂ ತಂದಳು. ಹತ್ತು ಜನ ಕೂರುವ ಮೂರು ಗಾಲಿಯ ಬಾಡಿಗೆ ಗಾಡಿ. ನಮ್ಮ ಮನೆ ನಡೆಯುವುದು ಅದರಿಂದ. ಐದು ಸಿವುಡು ತಿಂದಿತ್ತು.

“ಅವ್ವಾ, ನಾಕು ಅಂತ ಬರಿ. ನೋಡಾವ್ರು ಯಾರದಾರ ಇಲ್ಲಿ?”

“ಎಮ್ಮಿ ನೋಡ್ತೈತಿ, ಮೇವು ಹಾಕೂ ಮುಂದ.”

“ಹೌದಬೇ, ಎಮ್ಮಿನ ನಿನ್ನ ಮಗಳು. ನಾ ಯಾರಕಿ?”

ಐದು ಎಂದೇ ಬರೆದೆ. ಇಂಜಿನ್ನಿಗೆ ಬೇಕಾದ ಸಾಮಾನು ಇನ್ನೂ ಬಂದಿಲ್ಲ. ಟಂಟಂ ಅಂದಿನಿಂದ ಬೇವಿನ ಗಿಡದ ಕೆಳಗೆ ನಿಂತಿದೆ. ರುದ್ರವ್ವ ನನ್ನೊಡನೆ ಮಾತಾಡುವುದು ಎಮ್ಮೆಯ ಮೂಲಕ. “ನಿಮ್ಮವ್ವಗ ಹೇಳು, ರೊಟ್ಟಿ ಆಗ್ಯಾವಂತ.”

ಈಗ ಮೇಲಿನಿಂದ ಕಾಗದ ಬಂದಿದೆ. ಬರುವ ತಿಂಗಳಿಂದ ಅಳತೆ ಕಾರ್ಖಾನೆಯ ಕೋಣೆಯಲ್ಲಿ. ಕಂಪನಿಯ ಸರಾಸರಿ ನಾಲ್ಕರೊಳಗಿದ್ದರೆ ಐದು ತಿನ್ನುವ ಗಾಡಿಯೂ ಪಾಸು. ಏರಿನ ಮೇಲೆ ಅಳೆಯುವವರು ಒಪ್ಪಿ ಸಹಿ ಹಾಕಬೇಕಂತೆ. ಹಾಕಿದರೆ ತಿಂಗಳ ಮೊದಲ ದಿನವೇ ರುದ್ರವ್ವನ ಟಂಟಂ ರಸ್ತೆಗೆ ಇಳಿಯುತ್ತದೆ. ಊರಿನ ಬಣವೆಗಳು ಈಗಲೇ ಸೊಂಟದ ಮಟ್ಟಕ್ಕೆ ಇಳಿದಿವೆ. ಹೊಸ ದಂಟು ಬರಲು ಇನ್ನೂ ಎರಡು ತಿಂಗಳು.

ಇವತ್ತು ಬೆಳಿಗ್ಗೆ ‘ಒಪುವುದಿಲ್ಲ’ ಎಂದು ಬರೆದು ಸಹಿ ಮಾಡಿದೆ. ರುದ್ರವ್ವ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ಪೆನ್ನು ಕಸಿದುಕೊಂಡು, ನಾನು ಬಿಟ್ಟಿದ್ದ ‘ಪ’ದ ಒತ್ತು ಸೇರಿಸಿ, ಎಮ್ಮೆಗೆ ದಂಟು ಹಾಕಲು ಹೋದಳು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಅಂಗಡಿಗೆ ಹೋದಾಗ ‘ಎಷ್ಟು ತಿನ್ನುತ್ತದೆ’ ಎಂದು ಕೇಳಿ. ಮಾರುವವನು ಕೋಣೆಯ ಅಂಕಿ ತೋರಿಸಿದರೆ, ಹತ್ತು ಜನರನ್ನು ಹೇರಿಕೊಂಡು ಗಜೇಂದ್ರಗಡಕ್ಕೆ ಬಾ ಎನ್ನಿ. ಏರು ನಿಮ್ಮ ಕಾಲದಲ್ಲೂ ಅಲ್ಲೇ ಇದೆ.

ಪಾರವ್ವ