ಹಾಡಿನೊಳಗಿನ ಕೆಮ್ಮು

ಹವಲ್ಲಿ, ಕುವೈತ್
೨೧ ಸೆಪ್ಟೆಂಬರ್ ೧೯೯೦, ಶುಕ್ರವಾರ

ಅಪ್ಪಿಗೆ,

ಸೌಭಾಗ್ಯವತಿ ಎಂದು ಶುರು ಮಾಡಿ ಆ ಹಾಳೆ ಹರಿದೆ. ಬರೀ ಹೆಸರು ಸಾಕು.

ನಿನ್ನ ಪತ್ರ ಜುಲೈ ಕೊನೆಯ ವಾರ ತಲುಪಿತ್ತು. ಇಪ್ಪತ್ತು ತಿಂಗಳ ನಂತರದ ಮೊದಲ ಪತ್ರ. ನೀವು ಬನ್ನಿ, ಬಿಡಿ, ಮಗಳ ಕೊನೆಯ ಕ್ಯಾಸೆಟ್ ಮಾತ್ರ ಕಳಿಸಿ, ದೀಕ್ಷಿತಾ ಅದರಲ್ಲಿ ಏನಾದರೂ ಹೇಳಿದ್ದಳೇ ಎಂದು ನನಗೆ ತಿಳಿಯಬೇಕು ಎಂದು ಬರೆದಿದ್ದೆ. ನಾನು ಉತ್ತರಕ್ಕೆ ಕೂರುವ ಮೊದಲೇ ಇರಾಕಿನ ಟ್ಯಾಂಕುಗಳು ಬಂದವು, ಅಂಚೆ ನಿಂತಿತು. ಇಡೀ ಕಟ್ಟಡ ಹೆದರಿ ಕೂತಿದ್ದಾಗ ನನಗೆ ಒಳಗೊಳಗೇ ಹಗುರವಾಯಿತು. ಉತ್ತರ ಬರೆಯದಿರಲು ನನಗೊಂದು ಯುದ್ಧ ಸಿಕ್ಕಿತ್ತು.

ಈಗ ಆ ನೆಪವೂ ಇಲ್ಲ. ನಮ್ಮ ಮೇಲಿನ ಮಹಡಿಯ ರೋಸಲಿನ್ ನಾಳೆ ಹೊರಡುತ್ತಾಳೆ. ಕಿನ್ನಿಗೋಳಿಯವಳು, ನರ್ಸ್. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಜೋರ್ಡಾನಿನ ಗಡಿ, ಅಲ್ಲಿಂದ ಬೊಂಬಾಯಿಗೆ ವಿಮಾನ. ಒಂದು ಪತ್ರ, ಒಂದು ಕ್ಯಾಸೆಟ್ ಕೊಡುತ್ತೇನೆ ಎಂದಾಗ ನಕ್ಕಳು. "ನೀವು ಎಂತ ಜನ ಮಾರಾಯ್ರೆ, ಎಲ್ಲರೂ ಸೊಂಟಕ್ಕೆ ಚಿನ್ನ ಕಟ್ಟಿಕೊಂಡು ಹೋಗ್ತಾರೆ, ನಾನು ನಿಮ್ಮ ಕ್ಯಾಸೆಟ್ ಕಟ್ಟಿಕೊಳ್ಬೇಕಾ? ಸಿಪಾಯಿ ಕೇಳಿದ್ರೆ ಎಂತ ಹೇಳುದು?" ಹಾಡು ಅಂತ ಹೇಳಿ ಎಂದೆ. ನೀವೇ ಬಂದು ಕೊಡಿ, ಇಲ್ಲಿ ಎಲ್ಲ ಖಲಾಸ್, ಇನ್ನೆಂತ ಉಂಟು ಎಂದಳು.

ಹಾಡು ಎಂದದ್ದು ಸುಳ್ಳಲ್ಲ. ಕ್ಯಾಸೆಟ್ ಇದೆ ಅಪ್ಪಿ. ಅದರಲ್ಲಿ ದೀಕ್ಷಿತಾ ಇಲ್ಲ.

ನಾವು ಪತ್ರ ಬರೆಯುವವರಾಗಿರಲಿಲ್ಲ. ನಮ್ಮ ಮಾತು ತುಳು, ಬರೆಯುವುದು ಕನ್ನಡ. ಕಾಗದದ ಮೇಲೆ ನಾನು ಯಾವಾಗಲೂ ಯಾರೋ ಗುಮಾಸ್ತನ ಹಾಗೆ ಕೇಳಿಸುತ್ತೇನೆ ಎಂದು ನೀನೇ ತಮಾಷೆ ಮಾಡುತ್ತಿದ್ದೆ. ಅದಕ್ಕೇ ಕ್ಯಾಸೆಟ್. ನೀವಿಬ್ಬರೂ ಮಾತಾಡಿ ತುಂಬಿಸಿ ಊರಿಗೂ ಇಲ್ಲಿಗೂ ಹೋಗಿಬರುವ ಮಹಮ್ಮದ್ ಕುಂಞಿಯ ಕೈಯಲ್ಲಿ ಕಳಿಸಬೇಕು, ನಾನು ಕೇಳಿ, ಅದರ ಮೇಲೆಯೇ ನನ್ನ ಮಾತು ತುಂಬಿ ವಾಪಸು ಕಳಿಸಬೇಕು. ಹಿಂದಿನದು ಅಳಿಸಿಹೋಗುತ್ತಿತ್ತು. ಆಗ ಅದು ನಷ್ಟ ಎಂದು ಯಾರಿಗೂ ಅನಿಸಲಿಲ್ಲ. ಒಂಬತ್ತು ವರ್ಷ ನಾವು ಒಬ್ಬರನ್ನೊಬ್ಬರು ಅಳಿಸುತ್ತಲೇ ಸಂಸಾರ ಮಾಡಿದೆವು.

ಅವಳು ಒಬ್ಬಳೇ ಕೂತು ಮಾತಾಡಿದ್ದು ಆ ಒಂದೇ ಸಲ, ೮೮ರ ಆಗಸ್ಟಿನಲ್ಲಿ. ನೀನು ನಿನ್ನ ತಂಗಿಯ ಹೆರಿಗೆಗೆ ಹೋಗಿದ್ದೆ. ಅದನ್ನು ನಾನು ಅಳಿಸಲಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತವೆ, ಅವನ್ನು ಮುರಿದರೆ ಅದರ ಮೇಲೆ ಮತ್ತೆ ಏನೂ ತುಂಬಲಾಗುವುದಿಲ್ಲ. ಎರಡನ್ನೂ ಮುರಿದಿಟ್ಟೆ. ಉತ್ತರವನ್ನು ಬೇರೆ ಕ್ಯಾಸೆಟ್ಟಿನಲ್ಲಿ ಕಳಿಸಿದೆ. ಹೊಸತು ಯಾಕೆ ಎಂದು ನೀನು ಕುಂಞಿಯನ್ನು ಕೇಳಿದ್ದೆಯಂತೆ.

ನೀವು ಅದರ ಮೇಲೆ ಮಾತು ತುಂಬುವ ಮೊದಲೇ, ನವೆಂಬರಿನಲ್ಲಿ, ಅವಳು ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ನನ್ನ ಪಾಸ್‌ಪೋರ್ಟ್ ಅಂಗಡಿಯ ಧಣಿ, ಕಫೀಲನ ಕಪಾಟಿನಲ್ಲಿತ್ತು, ಕಫೀಲ ಕೈರೋದಲ್ಲಿದ್ದ. ಎಲ್ಲ ಮುಗಿದ ಮೇಲೆ ನಿನ್ನ ಪತ್ರ ಬಂತು. ಹೃದಯದ ಕವಾಟ ಎಂದೂ, ಮೂರು ತಿಂಗಳು ಮೊದಲು ತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದರೆಂದೂ ಬರೆದಿದ್ದೆ. ಜೊತೆಯಲ್ಲೇ ಮಲಗುವ ತಾಯಿಗೆ ಗೊತ್ತಾಗಲಿಲ್ಲವಲ್ಲ ಎಂದು ನಿನ್ನನ್ನೇ ಬೈದುಕೊಂಡಿದ್ದೆ. ಆಮೇಲೆ ನೀನು ಬರೆಯುವುದನ್ನು ನಿಲ್ಲಿಸಿದೆ.

ಅಂಗಡಿಯಲ್ಲಿ ನನ್ನ ಕೆಲಸವೇ ಕ್ಯಾಸೆಟ್ ನಕಲು ಮಾಡುವುದು. ಮುರಿದ ತೂತಿಗೆ ಗಮ್ ಟೇಪು ಅಂಟಿಸಿದರೆ ಹಳೆಯ ಕ್ಯಾಸೆಟ್ ಮತ್ತೆ ತುಂಬಲು ಬರುತ್ತದೆ. ದಿನಕ್ಕೆ ಐವತ್ತು ಸಲ ಅಂಟಿಸುತ್ತೇನೆ, ನೋಡುವುದೂ ಇಲ್ಲ. ೮೯ರ ಫೆಬ್ರವರಿಯ ಒಂದು ಶುಕ್ರವಾರ, ಅಂಗಡಿಗೆ ರಜೆ. ರೇಡಿಯೋದ ಇಂಗ್ಲಿಷ್ ವಿಭಾಗದಲ್ಲಿ ಓಡೆಟ್ ವಾಲ್ಮೊ ಎಂಬ ಫ್ರೆಂಚ್ ಹಾಡುಗಾರ್ತಿಯ ಜೀವನದ ಮೇಲೆ ಒಂದು ಗಂಟೆಯ ಕಾರ್ಯಕ್ರಮವಿತ್ತು. ಸಾಲ್ಮಿಯಾದ ಒಬ್ಬ ಲೆಬನಾನಿ ದಂತವೈದ್ಯ ಅದು ಬೇಕೆಂದಿದ್ದ. ಕೋಣೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಕೈ ಡ್ರಾಯರಿಗೆ ಹೋಯಿತು, ತೂತಿಗೆ ಟೇಪು ಅಂಟಿಸಿತು, ಗುಂಡಿ ಒತ್ತಿತು. ಅಷ್ಟೇ ನಡೆದದ್ದು. ವೈದ್ಯ ಮತ್ತೆ ಬರಲೇ ಇಲ್ಲ.

ಅದನ್ನು ಆಮೇಲೆ ಎಷ್ಟು ಸಲ ಕೇಳಿದೆನೋ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹಾಡಿಗೂ ಮಾತಿಗೂ ನಡುವಿನ ಮೌನದಲ್ಲಿ ಅವಳ ಒಂದು ಉಸಿರಾದರೂ ಉಳಿದಿದೆಯೇ ಎಂದು. ಇಲ್ಲ. ಯಂತ್ರ ಚೆನ್ನಾಗಿಯೇ ಅಳಿಸಿದೆ. ಅವಳನ್ನು ಹುಡುಕುತ್ತಾ ಆ ಪರದೇಶದ ಹೆಂಗಸಿನ ಬದುಕು ನನಗೆ ಬಾಯಿಪಾಠವಾಯಿತು. ನಿನಗೆ ಇಂಗ್ಲಿಷ್ ಅರ್ಥವಾಗದು, ಹಾಗಾಗಿ ಹೇಳುತ್ತೇನೆ.

ಓಡೆಟ್ ಹುಟ್ಟಿದ್ದು ಕಲ್ಲಿದ್ದಲು ಸಾಗಿಸುವ ದೋಣಿಯಲ್ಲಿ. ಅಪ್ಪ ದೋಣಿಯವನು, ಕುಡುಕ. ಕಾಲುವೆಯ ಗೇಟು ತೆರೆಯುವತನಕ ದೋಣಿಗಳು ಸಾಲಾಗಿ ಕಾಯಬೇಕು. ಆ ಹೊತ್ತಿನಲ್ಲಿ ಹುಡುಗಿ ಹಾಡುತ್ತಿದ್ದಳು, ಗೇಟಿನವನು ಅವರ ದೋಣಿಯನ್ನು ಮೊದಲು ಬಿಡುತ್ತಿದ್ದ. ಹದಿನೇಳಕ್ಕೆ ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಗ್ಲಾಸು ತೊಳೆಯಲು ಸೇರಿದಳು. ಅಲ್ಲಿ ಹಾಡಿಸಿದರು. ಮೊದಲ ಗ್ರಾಮಫೋನ್ ಪ್ಲೇಟಿಗೆ ಹಾಡುವ ದಿನ, ವಯಸ್ಸಿಗೆ ಬಂದ ಹುಡುಗಿಯನ್ನು ಗಂಡಸರ ನಡುವೆ ಒಬ್ಬಳೇ ಬಿಡಲಾರೆನೆಂದು ತಾಯಿ ಜೊತೆಗೆ ಬಂದು ಮೂಲೆಯಲ್ಲಿ ಕೂತಳು. ತಾಯಿಯದು ಕಲ್ಲಿದ್ದಲ ಧೂಳು ಕುಡಿದ ಎದೆ. ಬಾಯಿಗೆ ಬಟ್ಟೆ ತುರುಕಿಕೊಂಡಿದ್ದರೂ ಎರಡನೇ ಚರಣದಲ್ಲಿ ಒಮ್ಮೆ ಕೆಮ್ಮಿದಳು. ಮತ್ತೆ ಹಾಡಿಸಲು ಕಂಪನಿಯವರಿಗೆ ಪುರುಸೊತ್ತಿರಲಿಲ್ಲ. ಪ್ಲೇಟು ಹಾಗೆಯೇ ಹೊರಗೆ ಬಂತು, ದೇಶವೆಲ್ಲ ಹಾಡಿತು.

ತಾಯಿ ಆ ಚಳಿಗಾಲವೇ ಸತ್ತಳು. ಓಡೆಟ್ ಬೇರೆ ಊರಿನಲ್ಲಿದ್ದಳು. ತಂತಿ ಬಂದಾಗ ಏನಿರಬಹುದೆಂದು ತಿಳಿದೂ ಅದನ್ನು ಒಡೆಯದೆ ಕನ್ನಡಿಯ ಹಿಂದೆ ಸಿಕ್ಕಿಸಿ ರಂಗಕ್ಕೆ ಹೋದಳಂತೆ. ಮುಂದೆ ಮೂರು ಗಂಡಂದಿರು, ಹೂವು, ರಾಜಮನೆತನದವರ ಚಪ್ಪಾಳೆ. ಐವತ್ತಕ್ಕೆ ಗಂಟಲಿನ ಆಪರೇಷನ್ ಆಗಿ ಸ್ವರ ಹೋಯಿತು. ಆಗ ಕಂಪನಿಯವರು ಹಳೆಯ ಹಾಡನ್ನು ಹೊಸ ಯಂತ್ರದಲ್ಲಿ ಶುದ್ಧ ಮಾಡಿ ಬಿಟ್ಟರು. ಕೆಮ್ಮನ್ನು ತೆಗೆದಿದ್ದೇವೆ ಎಂದು ಹೆಮ್ಮೆಯಿಂದ ತೋರಿಸಿದರು. ಅವಳು ಕೊನೆಯತನಕ ಹಳೆಯ ಸಾಮಾನಿನ ಸಂತೆಗಳಲ್ಲಿ ಆ ಮೊದಲ ಪ್ಲೇಟನ್ನು ಹುಡುಕಿದಳು. ಸಿಗಲಿಲ್ಲ. ಜಗತ್ತಿಗೆ ಹಾಡು ಬೇಕಿತ್ತು, ಅವಳಿಗೆ ಕೆಮ್ಮು.

ಅಲ್ಲಿಗೆ ಟೇಪು ಮುಗಿಯುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ: ದೀಕ್ಷಿತಾ ವಿಶೇಷವೇನೂ ಹೇಳಿರಲಿಲ್ಲ. ಮೊದಲು ಮೈಕಿನವರ ಹಾಗೆ ಹಲೋ ಹಲೋ ಎಂದಳು. ಬೆಕ್ಕು ಮೂರು ಮರಿ ಹಾಕಿದ್ದು, ಶಾಲೆಯ ಮಾಡು ಸೋರಿದ್ದು, ಗಣಿತದ ಟೀಚರಿಗೆ ಮದುವೆ ನಿಶ್ಚಯವಾದದ್ದು. ಒಂದು ಹಾಡು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಅಷ್ಟೇ.

ಅಂಗಡಿಯನ್ನು ಆಗಸ್ಟಿನಲ್ಲೇ ದೋಚಿದರು. ಯಂತ್ರಗಳನ್ನು ಲಾರಿಗೆ ಹೇರಿ, ಕ್ಯಾಸೆಟ್ಟುಗಳನ್ನು ರಸ್ತೆಗೆ ಸುರಿದರು. ಕಂದು ಟೇಪುಗಳು ಈಗಲೂ ವಿದ್ಯುತ್ ಕಂಬಕ್ಕೆ, ಸುಟ್ಟ ಕಾರಿನ ಬಾಗಿಲಿಗೆ ಸುತ್ತಿಕೊಂಡು ಗಾಳಿಗೆ ಅಲುಗುತ್ತಿವೆ. ಹೊಗೆಯ ವಾಸನೆ ಬಟ್ಟೆ ಬಿಡುವುದಿಲ್ಲ. ಕಫೀಲ ಓಡಿಹೋಗುವ ಮೊದಲು ನನ್ನ ಪಾಸ್‌ಪೋರ್ಟನ್ನು ಬಾಗಿಲ ಕೆಳಗೆ ತಳ್ಳಿ ಹೋಗಿದ್ದಾನೆ. ಹಾಗಾಗಿ ಬರಲಾರೆ ಎಂದು ಹೇಳುವಂತಿಲ್ಲ. ಬರುವುದಿಲ್ಲ.

ಕ್ಯಾಸೆಟ್ಟಿನ ಮೇಲಿನ ಲೇಬಲ್ ಅವಳ ಕೈಬರಹ. ನೀಲಿ ಶಾಯಿ. ಅದನ್ನಾದರೂ ಇಟ್ಟುಕೋ.

ದೇಜಪ್ಪ

ತಾ. ಕ.: ಲಕೋಟೆಗೆ ಅಂಟು ಹಾಕಿದ್ದನ್ನು ಮತ್ತೆ ಬಿಡಿಸಿದ್ದೇನೆ. ಟೇಪು ಅಂಟಿಸಿದ್ದು ಕೈ ಅಲ್ಲ, ನಾನು. ಲೇಬಲ್ ಓದಿ ಅಂಟಿಸಿದೆ. ಅರ್ಧ ಗಂಟೆಗೆ ಮಗ್ಗುಲು ತಿರುವಿ ಹಾಕುವಾಗ ಮತ್ತೊಮ್ಮೆ ಓದಿದೆ. ದೀಕ್ಷಿತಾ ಹಾಡು ನಿಲ್ಲಿಸಿದ್ದು ಉಸಿರು ಸಿಗದೆ. ಸುಧಾರಿಸಿಕೊಂಡು ಹೇಳಿದಳು: "ಪಪ್ಪ, ಶಾಲೆಯ ಮೆಟ್ಟಿಲು ಹತ್ತುವಾಗಲೂ ಹೀಗೇ ಆಗ್ತದೆ. ಅಮ್ಮನಿಗೆ ಹೇಳ್ಬೇಡಿ, ಹೆದರ್ತಾರೆ. ನೀವು ಬಂದಾಗ ಡಾಕ್ಟ್ರ ಹತ್ರ ಹೋಗುವ." ರಜೆ ಸಿಕ್ಕಾಗ ನೋಡೋಣ ಎಂದುಕೊಂಡೆ. ನಿನಗೆ ಗೊತ್ತಾಗಲಿಲ್ಲ ಎಂದು ಇನ್ನು ಬೈದುಕೊಳ್ಳಬೇಡ. ನನಗೆ ಗೊತ್ತಿತ್ತು. ನನ್ನ ಉತ್ತರದ ಕ್ಯಾಸೆಟ್ ನಿನ್ನ ಹತ್ತಿರವೇ ಇದೆ, ಹಾಕಿ ನೋಡು. ಬೆಕ್ಕಿನ ಮರಿಗಳ ಬಗ್ಗೆ ಕೇಳಿದ್ದೇನೆ, ಶಾಲೆಯ ಮಾಡಿನ ಬಗ್ಗೆ ಕೇಳಿದ್ದೇನೆ, ಟೀಚರ ಮದುವೆಯ ಬಗ್ಗೆಯೂ ಕೇಳಿದ್ದೇನೆ.