ಗುಟ್ಟಿಯಲ್ಲಿ ತೇಯ್ದ ಬುದ್ಧಿ

ಬಸವಕಲ್ಯಾಣ
೧೨ ಫೆಬ್ರವರಿ ೧೯೭೯

ವೈಜನಾಥನ ಅಪ್ಪನವರಿಗೆ ರುಕ್ಮಿಣಿಯ ನಮಸ್ಕಾರ.

ಸೊಲ್ಲಾಪುರದಲ್ಲಿ ಆರೋಗ್ಯವಾಗಿದ್ದೀರಿ ತಾನೇ? ಮಿಲ್ಲಿನ ಧೂಳಿಗೆ ಬಂದ ಕೆಮ್ಮು ಇಳಿಯಿತೇ? ಶುಂಠಿ ಬೆಲ್ಲ ಬಿಡಬೇಡಿ. ನಿಮ್ಮ ಮೇಲೆ ಮೈಯೆಲ್ಲ ಉರಿಯುತ್ತಿದ್ದರೂ ಕೆಮ್ಮಿನ ಚಿಂತೆ ಬಿಡುವುದಿಲ್ಲ, ಏನು ಮಾಡಲಿ!

ನಿಮ್ಮ ಮಿಲ್ಲಿನ ಮಹೆಬೂಬನ ಕೈಯಲ್ಲಿ ನೀವು ಕಳಿಸಿದ ಬುದ್ಧಿ ಮಾತ್ರೆ ಗ್ಲುಟಾಮಿಕ್ ಆಮ್ಲದ್ದಂತೆ, ಪರೀಕ್ಷೆಗೆ ಕೂರುವ ಹುಡುಗರು ನುಂಗುವುದಂತೆ. ಅದನ್ನು ಐದು ತಿಂಗಳ ಕೂಸು ವೈಜನಾಥನಿಗೆ ಕೊಡಿ ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು? ಮಗ ಹೇಳಿದ್ದಾನೆಂದು ಅತ್ತೆಯವರು ದಿನಾ ಕೂಸಿಗೆ ಕುಡಿಸುವ ಗುಟ್ಟಿಗೆಂದು ಕಲ್ಲಿನ ಮೇಲೆ ಬಜೆ, ಜಾಯಿಕಾಯಿ ತೇಯ್ದು, ಅದರ ಜೊತೆ ನಿಮ್ಮ ಮಾತ್ರೆಯನ್ನೂ ತೇಯ್ದರು. ಬಜೆ ಕಲ್ಲಿನ ಮೇಲೆ ಎರಡು ಸುತ್ತು ತಿರುಗಿದರೆ ಆಯಿತು, ಉಳಿದ ಬೇರು ನಾಳೆಗೆ. ಮಾತ್ರೆಯನ್ನೂ ಅಷ್ಟೇ ತಿರುಗಿಸಿದರು. ಆದರೆ ಅದು ನೀರು ತಾಗಿದ ಕೂಡಲೇ ಇಡಿಯಾಗಿ ಪುಡಿಯಾಯಿತು. ದೊಡ್ಡವರ ಮಾತ್ರೆ ಪೂರ್ತಿ ಕೂಸಿನ ಹೊಟ್ಟೆಗೆ! ಕುಡಿದಾಗಲೆಲ್ಲ ವಾಂತಿ, ಚೀರಾಟ. ಕೊನೆಗೆ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ.

ಅಲ್ಲಿನ ಡಾಕ್ಟರಮ್ಮ ಮಾತ್ರೆಯ ಬಾಟಲಿ ನೋಡಿದವರೇ ನನ್ನನ್ನೇ ಬೈದರು. "ಇದು ಎಲ್ಲಾರ ಮಿದುಳಿನ್ಯಾಗ ಇರತದವಾ, ಕಣಕ್ಕ ಕಣ ಮಾತಾಡಸತದ. ಅತಿ ಆದ್ರ ಕಣ ಕೆರಳಿ ಕೆರಳಿ ಸಾಯತಾವ. ಎಳಿ ಇಲಿಮರಿಗೆ ಕೊಟ್ಟು ನೋಡ್ಯಾರ, ಹಂಗೇ ಆಗ್ಯದ. ಕೂಸಿಗೆ ಏನಾಗತದೋ ನನಗ ಖಾತ್ರಿ ಇಲ್ಲ. ಖಾತ್ರಿ ಇಲ್ದದ್ದು ಕೂಸಿಗೆ ಯಾಕ ಹಾಕಬೇಕು?" ಅಂದರು.

ಈಗ ವಾಂತಿ ನಿಂತಿದೆ, ಹಾಲು ಕುಡಿಯುತ್ತಾನೆ. ಮುಂದೆ ಹೇಗೋ ಯಾರಿಗೂ ಗೊತ್ತಿಲ್ಲ. ಅವನು ನಗುವುದು ಒಂದು ಗಳಿಗೆ ತಡವಾದರೂ ನನ್ನ ಜೀವ ಬಾಯಿಗೆ ಬರುತ್ತದೆ.

ಇಷ್ಟೆಲ್ಲ ಯಾಕೆ ಮಾಡಿದಿರೆಂದು ನನಗೆ ಗೊತ್ತು. ಕೂಸಿಗೆ "ಮಾವನ ತಲಿ ಬರಬಾರದು" ಎಂದು ನೀವೇ ಬರೆದಿದ್ದೀರಿ. ಮುಡಬಿಯ ನನ್ನ ತಮ್ಮ ದಿಗಂಬರನಿಗೆ ಮಗ್ಗಿ ಬಾರದು, ನಿಜ. ಆದರೆ ಅವನು ಈವರೆಗೆ ಯಾವ ಕೂಸಿನ ಬಾಯಿಗೂ ವಿಷ ಹಾಕಿಲ್ಲ.

ಅತ್ತೆಯವರು ಅಂದಿನಿಂದ ಗುಟ್ಟಿಯ ಕಲ್ಲು ಮುಟ್ಟಿಲ್ಲ, ಅಳುತ್ತಾರೆ. ಅವರಿಗೆ ಎರಡು ಸಮಾಧಾನದ ಮಾತು ಬರೆಯಿರಿ. ಮೈ ಜೋಪಾನ.

ನಿಮ್ಮ
ರುಕ್ಮಿಣಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಮುಂದಿನ ಗುರುವಾರ ಮಾಣಿಕನಗರದಲ್ಲಿ ಕೂಸಿನ ಜಾವಳ. ಮೊದಲ ಕೂದಲು ತೆಗೆಸುವಾಗ ಸೋದರಮಾವನ ಬದಲು ಬೇರೆ ಯಾರಾದರೂ ತೊಡೆಯ ಮೇಲೆ ಕೂರಿಸಿಕೊಳ್ಳಲಿ ಎಂದು ಬರೆದಿದ್ದಿರಿ. ಆಗದು. ದಿಗಂಬರನಿಗೆ ಹೇಳಿ ಕಳಿಸಿದ್ದೇನೆ. ನೀವು ಬರುವುದಾದರೆ ಬರಿಗೈಯಲ್ಲಿ ಬನ್ನಿ.